ಔರೇಲಿಯ ಮನೆತನ

ನಮ್ಮೂರಿನಲ್ಲಿ ಒಂದು ಹೆಸರು ಒಬ್ಬರಿಗೇ. ಆ ಹೆಸರಿನವರು ಬದುಕಿರುವ ತನಕ ಅದನ್ನು ಇನ್ನೊಂದು ಮಗುವಿಗೆ ಇಡಲು ಬರುವುದಿಲ್ಲ. ಯಾರೂ ತಡೆಯುವುದಿಲ್ಲ, ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಹೊರಟರೆ ಬಾಯಿಂದ ಬರೀ ಗಾಳಿ ಬರುತ್ತದೆ, ಅಷ್ಟೇ. ನಾಲಿಗೆಗೆ ಸಿಕ್ಕ ಅಕ್ಷರಗಳನ್ನು ಜೋಡಿಸಿ ಹೊಸದೊಂದನ್ನು ಹೇಳಿದರೂ ಗಾಳಿಯೇ. ಆ ಹೆಸರಿನ ಮನುಷ್ಯರೋ ವಸ್ತುವೋ ಲೋಕದಲ್ಲಿ ಎಲ್ಲಾದರೂ ಇದ್ದಿರಬೇಕು. ಹೀಗಾಗಿ ನಮ್ಮ ತಾತಂದಿರ ಕಾಲಕ್ಕೇ ದೇವರುಗಳು, ನದಿಗಳು, ಹೂಗಳು, ನಕ್ಷತ್ರಗಳು ಎಲ್ಲ ಮುಗಿದುಹೋಗಿ, ಅಪ್ಪಂದಿರ ಕಾಲಕ್ಕೆ ಜನ ಅಡುಗೆಮನೆಯ ಡಬ್ಬಿಗಳಿಗೆ ಕೈಹಾಕಿದ್ದರು. ನಾನು ಹುಟ್ಟಿದ ದಿನ ಅಪ್ಪನಿಗೆ ಅಂಗಡಿಯಲ್ಲಿ ಮೊದಲು ಕಂಡದ್ದು ಖರ್ಜೂರದ ಡಬ್ಬ. ನಾನು ಖರ್ಜೂರಿಯಾದೆ. ಅಣ್ಣನಿಗೆ ಸಂಗೀತದ ಮೇಷ್ಟ್ರೊಬ್ಬರು ಪಂಚಮ ಎಂಬ ಹೆಸರು ಹುಡುಕಿಕೊಟ್ಟರಂತೆ. ಅವನಿಗೆ ಹಾಡಲು ಬರುವುದಿಲ್ಲ, ಆದರೆ ಹೆಸರು ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ.

ಅಣ್ಣನ ಹೆಂಡತಿ ಶಾವಂತಿ ಅತ್ತಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಿಯಾದರು. ಹೆಸರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ತೊಟ್ಟಿಲು ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ ತಾನೇ. ಅದೂ ಅಲ್ಲದೆ ನನ್ನ ಕಸುಬೇ ಕೂಗುವುದು. ಆಟೋದ ನೆತ್ತಿಯ ಮೇಲೆ ಎರಡು ಮೈಕು ಕಟ್ಟಿಕೊಂಡು ಊರೆಲ್ಲ ಸುತ್ತಿ ಸಾರುತ್ತೇನೆ. ನಲ್ಲಿ ನೀರು ಯಾವಾಗ ಬರುತ್ತದೆ, ಯಾರ ಮನೆ ಎಮ್ಮೆ ಕಳೆದಿದೆ, ಯಾವ ಟೆಂಟಿನಲ್ಲಿ ಯಾವ ನಾಟಕ, ಎಲ್ಲ ನನ್ನ ಬಾಯಿಂದಲೇ ಊರಿಗೆ ತಿಳಿಯಬೇಕು. ಯಾವ ಹೆಸರು ಯಾರ ತಲೆಯ ಮೇಲಿದೆ ಎಂಬುದು ನನಗೆ ಗೊತ್ತಿದ್ದಷ್ಟು ಊರಲ್ಲಿ ಬೇರೆಯವರಿಗೆ ಗೊತ್ತಿರಲಿಲ್ಲ.

ಆ ತಿಂಗಳು ಹೂವಿನ ಬೀದಿಯ ಮುದುಕಿಯೊಬ್ಬರು ತೀರಿಕೊಂಡು ಚಂದ್ರಭಾಗಿ ಎಂಬ ಹೆಸರು ಬಿಡುವಾಗಿತ್ತು. ಹೂವಿನ ಬೀದಿಯವರು ಒಳ್ಳೆಯವರು, ಹುಟ್ಟುವುದು ಹೆಣ್ಣಾದರೆ ನಿಮಗೇ ಇರಲಿ ಅಂದರು. ಅಣ್ಣ ಅವರಿಗೆ ಬಾಳೆಗೊನೆ ಕೊಟ್ಟು ಬಂದ. ಹುಟ್ಟಿದ್ದು ಹೆಣ್ಣೇ. ಆದರೆ ಒಂದಲ್ಲ, ಎರಡು.

ಅಣ್ಣ ಆಸ್ಪತ್ರೆಯ ಜಗುಲಿಯ ಮೇಲೆ ಕೂತು ನಗುತ್ತಲೂ ತಲೆ ಕೆರೆದುಕೊಳ್ಳುತ್ತಲೂ ಇದ್ದ. "ಒಂದಕ್ಕಂತೂ ಆಯ್ತು. ಇನ್ನೊಂದಕ್ಕೆ ನಿಧಾನವಾಗಿ ನೋಡೋಣ ಬಿಡು," ಅಂದ.

ಒಳಗಿನಿಂದ ಅತ್ತಿಗೆಗೆ ಅದು ಕೇಳಿಸಿತು. "ಒಂದು ಮಗು ನನ್ನ ದನಿಗೆ ತಿರುಗಿ ನೋಡಬೇಕು, ಇನ್ನೊಂದು ಪಕ್ಕದಲ್ಲೇ ಸೂರು ನೋಡ್ತಾ ಮಲಗಿರಬೇಕು, ಅಲ್ವಾ? ಅದು ನನ್ನ ಕೈಲಾಗಲ್ಲ. ಇಟ್ಟರೆ ಇಬ್ಬರಿಗೂ ಒಟ್ಟಿಗೇ ಹೆಸರಿಡೋದು."

ಹೆಸರಿಡುವ ತನಕ ನಮ್ಮೂರಿನ ಮಗು ಯಾರ ದನಿಗೂ ತಿರುಗುವುದಿಲ್ಲ. ಹಾಲು ಕುಡಿಯುತ್ತದೆ, ಅಳುತ್ತದೆ, ಹೊಟ್ಟೆ ತುಂಬಿದರೆ ನಿದ್ದೆ ಹೋಗುತ್ತದೆ. ಹೆತ್ತವಳು ಎಷ್ಟು ಕರೆದರೂ, ಎಷ್ಟು ಮುದ್ದು ಮಾಡಿದರೂ, ಆ ಕಣ್ಣು ಮಾತ್ರ ಬೇರೆಲ್ಲೋ ಇರುತ್ತದೆ. ಒಂದು ವಾರ ಹಾಗಿದ್ದರೆ ತಾಯಂದಿರು ಸಹಿಸಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾದರೆ ಅವರ ಮುಖ ನೋಡಲಾಗುವುದಿಲ್ಲ.

ಅದೇ ಸಮಯಕ್ಕೆ ಎದುರುಮನೆಯಲ್ಲೂ ಒಂದು ಹೆಣ್ಣುಮಗು ಹುಟ್ಟಿತು. ಆ ತಾಯಿ ನಮ್ಮ ಬಾಗಿಲಿನ ಕಡೆ ನೋಡುತ್ತ ನಿಲ್ಲುವುದನ್ನು ಅತ್ತಿಗೆ ಕಿಟಕಿಯಿಂದ ಕಂಡರು. ಮರುದಿನವೇ ನನ್ನನ್ನು ಕರೆದು, "ಚಂದ್ರಭಾಗೀನ ಅವರಿಗೆ ಕೊಟ್ಟು ಬಾ. ನಮ್ಮಲ್ಲಿ ಸುಮ್ಮನೆ ಕೂತಿದೆ," ಅಂದರು. ಅಣ್ಣ ಆ ದಿನ ಊಟ ಬಿಟ್ಟ. ಎದುರುಮನೆಯಲ್ಲಿ ಮಗು ಕಿಲಕಿಲ ಅಂದದ್ದು ನಮಗೆ ಕೇಳಿಸಿತು. ಅತ್ತಿಗೆ ತಮ್ಮ ಇಬ್ಬರನ್ನೂ ಎರಡು ತೋಳಿನಲ್ಲಿ ಮಲಗಿಸಿಕೊಂಡು ಆ ಸದ್ದನ್ನು ಕೇಳುತ್ತಿದ್ದರು. ಅಳಲಿಲ್ಲ. ಆದರೆ ನಾನು ಆಟೋ ತೆಗೆದುಕೊಂಡು ಹೊರಟುಬಿಟ್ಟೆ.

ಊರೆಲ್ಲ ಸಾರಿದೆ. ಅವಳಿ ಹೆಣ್ಣುಮಕ್ಕಳಿವೆ, ಎರಡು ಹೆಸರು ಬೇಕು, ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು. ಜನ ನಿಜಕ್ಕೂ ಧಾರಾಳಿಗಳು. ಹಿಟ್ಟಿನ ಗಿರಣಿಯವನು ಪೊರಕೆ ಇನ್ನೂ ಖಾಲಿ ಇದೆ ಅಂದ. ಬಸ್ ಏಜೆಂಟು ಸ್ಟೆಪ್ನಿ ಅಂದ. ಕೇಳಲು ಚೆನ್ನಾಗಿದೆಯಲ್ಲ ಎಂದು ನಾನೂ ಒಂದು ಕ್ಷಣ ಯೋಚಿಸಿದೆ. ಮಗುವಿಗೆ ನೀರು ಹಾಕಲು ಬರುವ ಗಂಗಾಳಮ್ಮ, ತನ್ನ ಹೆಸರೂ ಊಟದ ಗಂಗಾಳದಿಂದ ಬಂದದ್ದೇ ಆದ್ದರಿಂದ, ಪಾತ್ರೆಗಳ ಕಡೆಯಿಂದ ಪಟ್ಟು ಹಿಡಿದರು. "ಜರಡಿ ಇದೆ, ಬಾಣಲಿ ಇದೆ. ನನಗೇನಾಗಿದೆ ಹೇಳು, ಚೆನ್ನಾಗೇ ಬಾಳಿಲ್ವಾ ನಾನು?"

"ಚೆನ್ನಾಗೇ ಬಾಳಿದೀರಿ ಗಂಗಾಳಮ್ಮ," ಅಂದರು ಅತ್ತಿಗೆ. "ಆದರೆ ಬಾಣಲಿ ಅಂತ ಇಟ್ಟರೆ ಅವಳು ದೊಡ್ಡವಳಾದ ಮೇಲೆ ನನ್ನ ಜೊತೆ ಮಾತಾಡಲ್ಲ."

ಒಂದು ಬೆಳಿಗ್ಗೆ ಶಾಲೆಯ ದಾಖಲಾತಿಯ ವಿಷಯ ಸಾರಲು ಟೀಚರ್ ನನ್ನ ಆಟೋ ಹಿಡಿದರು. ನಮ್ಮೂರಿನ ಶಾಲೆಯಲ್ಲಿ ನನಗೂ ಅಣ್ಣನಿಗೂ ಚರಿತ್ರೆ ಕಲಿಸಿದವರು. ಒಬ್ಬರೇ ಇರುತ್ತಾರೆ, ಕೆರೆ ಏರಿಯ ಹತ್ತಿರ ಎರಡು ಕೋಣೆಯ ಮನೆ. ದಾರಿಯಲ್ಲಿ ಸಿಕ್ಕಿದರೆ ಯಾವುದಾದರೂ ಸಾಮ್ರಾಜ್ಯ ಹೇಗೆ ಬಿತ್ತು ಎಂದು ಹೇಳದೆ ಬಿಡುವುದಿಲ್ಲ. ಅದಕ್ಕೇ ಜನ ಅವರನ್ನು ಕಂಡರೆ ಗೌರವದಿಂದ ಪಕ್ಕದ ಓಣಿಗೆ ತಿರುಗುತ್ತಾರೆ. ಅವರ ಚರಿತ್ರೆ ಪುಸ್ತಕಗಳಿಂದಲೇ ಎಷ್ಟೋ ಮಕ್ಕಳಿಗೆ ಹೆಸರು ಬಂದಿದ್ದವು.

"ಎಲ್ಲಾ ಖಾಲಿ ಕಣೇ ಖರ್ಜೂರಿ," ಅಂದರು, ನಾನು ಕೇಳುವ ಮೊದಲೇ. "ಈಜಿಪ್ಟು ಮುಗೀತು, ಚೀನಾ ಮುಗೀತು. ರೋಮಿನವು ಒಂದಷ್ಟಿದ್ದವು. ಜೂಲಿಯ ದರ್ಜಿ ಮನೆಗೆ ಹೋಯ್ತು, ಲಿವಿಯ ಸೊಸೈಟಿ ಸೆಕ್ರೆಟರಿ ಮೊಮ್ಮಗಳಿಗೆ. ಕ್ಲಾಡಿಯಾನೂ ಹೋಯ್ತು. ಕುಂಟಿ ಅಂತ ಅರ್ಥ ಅಂದೆ, ಆದ್ರೂ ಬೇಕು ಅಂದ್ರು. ಆ ಹುಡುಗಿ ಈಗ ಓಟದಲ್ಲಿ ಫಸ್ಟು."

"ಒಂದೂ ಉಳಿದಿಲ್ವಾ ಟೀಚರ್?"

"ಉಳಿದಿರೋದು ನಂದೇ."

ಆಗ ನನಗೆ ಹೊಳೆಯಿತು, ಊರಿನ ಅಷ್ಟೂ ಹೆಸರು ಬಲ್ಲ ನನಗೆ ಇವರ ಹೆಸರೇ ಗೊತ್ತಿಲ್ಲ. ಎಲ್ಲರಿಗೂ ಅವರು ಟೀಚರ್. ಅವರ ಮನೆಯ ಬಾಗಿಲ ಮೇಲೂ ಏನೂ ಬರೆದಿಲ್ಲ. "ನಿಮ್ಮ ಹೆಸರೇನು ಟೀಚರ್?" ಅಂದೆ.

"ಔರೇಲಿಯ," ಅಂದರು. "ನಮ್ಮಪ್ಪ ಲ್ಯಾಟಿನ್ ಓದಿದ್ರು. ಎಲ್ಲೋ ದೂರದಿಂದ ಒಂದು ಟ್ರಂಕು ಪುಸ್ತಕ ಹೊತ್ಕೊಂಡು ಈ ಊರಿಗೆ ಬಂದ್ರು. ಔರುಂ ಅಂದ್ರೆ ಚಿನ್ನ. ಚಿನ್ನದ ಬಣ್ಣದವಳು ಅಂತ. ನಾನು ಹುಟ್ಟಿದಾಗ ಸೀದುಹೋದ ರೊಟ್ಟಿ ಹಾಗಿದ್ದೆ ಅಂತ ನಮ್ಮಮ್ಮ ನಗ್ತಿದ್ರು."

"ಚೆನ್ನಾಗಿದೆ ಟೀಚರ್. ಯಾರೂ ಕರೆಯೋದೇ ಇಲ್ವಲ್ಲ."

"ಅಪ್ಪ ಅಮ್ಮ ಹೋದ ಮೇಲೆ ಯಾರು ಕರೀತಾರೆ." ಅದನ್ನು ಅವರು ಬೇಸರವಿಲ್ಲದೆಯೇ ಹೇಳಿದರು, ಸಾಮ್ರಾಜ್ಯ ಬಿದ್ದ ಇಸವಿ ಹೇಳುವ ಹಾಗೆ. ಆಮೇಲೆ ಉತ್ಸಾಹ ಬಂತು. "ಒಂದು ತಮಾಷೆ ಗೊತ್ತಾ? ಅದು ಒಬ್ಬಳ ಹೆಸರೇ ಅಲ್ಲ. ಹಳೇ ರೋಮಿನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಹೆಸರು ಇಡ್ತಾನೇ ಇರ್ಲಿಲ್ಲ. ಮನೆತನದ ಹೆಸರು ಔರೇಲಿಯಸ್ ಅಂತಿದ್ರೆ ಆ ಮನೇಲಿ ಹುಟ್ಟಿದ ಹುಡುಗೀರೆಲ್ಲ ಔರೇಲಿಯ. ಮೂರು ಜನ ಇದ್ರೆ ಮೂರು ಜನಾನೂ ಔರೇಲಿಯ. ದೊಡ್ಡವಳು, ಚಿಕ್ಕವಳು, ಮೂರನೆಯವಳು ಅಂತ ಕರೆದ್ರೆ ಮುಗೀತು."

ಪಾಪ, ಅನ್ನಿಸಿತು ಮೊದಲು. ತನ್ನದೇ ಎಂದು ಒಂದು ಹೆಸರಿಲ್ಲದ ಹುಡುಗಿಯರು. ಆಟೋ ಮಾರುಕಟ್ಟೆ ದಾಟುವಷ್ಟರಲ್ಲಿ ಅದೇ ಮಾತು ಬೇರೆ ಥರ ಕಂಡಿತು. ಹಂಚಿಕೊಂಡೇ ಹುಟ್ಟಿದ ಹೆಸರು. ಒಬ್ಬಳಲ್ಲಿ ನಿಲ್ಲುವುದು ಅದಕ್ಕೆ ಅಭ್ಯಾಸವೇ ಇಲ್ಲ. ದಾಖಲಾತಿಯ ಕೊನೆಯ ತಾರೀಖನ್ನು ತಪ್ಪಾಗಿ ಸಾರಿ ಟೀಚರಿಂದ ಬೈಸಿಕೊಂಡೆ. ಅವರನ್ನು ಇಳಿಸಿದವಳೇ ಮನೆಗೆ ಓಡಿ, ಕೈ ತೊಳೆದು, ತೊಟ್ಟಿಲಿಗೆ ಬಗ್ಗಿದೆ. ಮೊದಲನೆಯದರ ಕಿವಿಯಲ್ಲಿ ಬರೀ ಗಾಳಿ. ಎರಡನೆಯದರ ಕಿವಿಯಲ್ಲೂ ಗಾಳಿ. ಎರಡೂ ಮಕ್ಕಳು ಕಿವಿ ತಿಕ್ಕಿಕೊಂಡು ಸೂರು ನೋಡಿದವು.

ಅತ್ತಿಗೆಗೆ ಎಲ್ಲ ಹೇಳಿದೆ. ಅವರು ಯೋಚಿಸಿ, "ಟೀಚರನ್ನ ಕರ್ಕೊಂಡು ಬಾ. ಅವರ ವಸ್ತು ಅವರನ್ನ ಕೇಳದೇ ಮುಟ್ಟಿದ್ದು ತಪ್ಪು," ಅಂದರು.

ಟೀಚರ್ ಸಂಜೆ ಬಂದರು. ನಾನು ಕದ್ದು ಪ್ರಯತ್ನಿಸಿದ್ದು ಕೇಳಿ ನಕ್ಕರು. "ಮನೆತನದ ಹೆಸರು ಅಂದೆ ನಾನು. ನೀನು ಅರ್ಧ ಪಾಠ ಕೇಳಿ ಓಡೋ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಒಂದೇ ಮನೆಯವರಾಗಿದ್ರೆ ತಾನೇ? ನನ್ನ ಮನೆ ಅಂದ್ರೆ ನಾನೊಬ್ಬಳೇ."

"ಹಾಗಿದ್ರೆ ನಮ್ಮನೆಗೆ ಬಂದುಬಿಡಿ," ಅಂದರು ಅತ್ತಿಗೆ. ನೆಂಟರಿಗೆ ಇನ್ನೊಂದು ಹೋಳಿಗೆ ಬಡಿಸುವಷ್ಟು ಸಹಜವಾಗಿ. "ಹಿಂದಿನ ಕೋಣೆ ಖಾಲಿ ಇದೆ. ನನಗೆ ಒಬ್ಬ ಅಕ್ಕ ಅಂತ ಆಗುತ್ತೆ."

ಟೀಚರ ನಗು ನಿಂತಿತು. "ಹೆಸರಿಗೋಸ್ಕರ ಮನೆ ಸೇರೋದಾ ಶಾವಂತಿ? ಅದು ನಾಟಕ ಆಗುತ್ತೆ. ನಾನು ನಿಮಗೆ ಮೋಸ ಮಾಡಬಹುದು, ನೀವು ನನಗೆ ಮೋಸ ಮಾಡಬಹುದು. ಹೆಸರಿಗೆ ಗೊತ್ತಾಗದೇ ಇರುತ್ತಾ?" ಎದ್ದು ಹೊರಟವರು ತೊಟ್ಟಿಲ ಹತ್ತಿರ ನಿಂತರು. "ಇವು ಇಷ್ಟು ಕೆಂಪಗಿರೋದು ಯಾಕೆ? ಸೆಖೆಗೆ ಇಷ್ಟು ದಪ್ಪ ಬಟ್ಟೆ ಹಾಕ್ತಾರಾ?"

ಮಾರನೆಯ ದಿನ ತೆಳ್ಳಗಿನ ಹತ್ತಿಬಟ್ಟೆ ತಂದು ಕೊಟ್ಟು ಹೋದರು. ಅದರ ಮಾರನೆಯ ದಿನ ಆ ಬಟ್ಟೆ ಸರಿಯಾಗಿ ಹೊಲಿದಿದ್ದಾರೋ ನೋಡಲು ಬಂದರು. ಆಮೇಲೆ ಶಾಲೆ ಬಿಟ್ಟ ತಕ್ಷಣ ಬರುವುದು ವಾಡಿಕೆಯಾಯಿತು. ಮಕ್ಕಳು ಅವರ ಕಡೆಯೂ ತಿರುಗುತ್ತಿರಲಿಲ್ಲ. ಟೀಚರಿಗೆ ಅದೊಂದು ತೊಂದರೆಯೇ ಅಲ್ಲ. ತರಗತಿಯಲ್ಲಿ ಅಂಥವರನ್ನು ಬಹಳ ನೋಡಿದ್ದರು. ಅವುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಯುದ್ಧಗಳ ಕಥೆ ಹೇಳುತ್ತಿದ್ದರು. ಅತ್ತಿಗೆ ಬೇಳೆ ಆರಿಸುತ್ತ ಕೇಳುತ್ತ, "ಆಮೇಲೆ ಆ ರಾಣಿ ಏನಾದ್ಲು?" ಎನ್ನುತ್ತಿದ್ದರು. ಟೀಚರ ಕಥೆಯನ್ನು ಕೊನೆಯ ತನಕ ಕೇಳಿದ ಮೊದಲ ಮನುಷ್ಯರು ಅವರೇ ಇರಬೇಕು.

ಒಂದು ವಾರ ಟೀಚರ್ ಬರಲಿಲ್ಲ. ನೆಗಡಿ ಜ್ವರ, ಮಕ್ಕಳಿಗೆ ತಗುಲುತ್ತದೆಂದು ಹೇಳಿ ಕಳಿಸಿದ್ದರು. ಅತ್ತಿಗೆ ನನ್ನ ಕೈಯಲ್ಲಿ ಮೆಣಸಿನ ಸಾರಿನ ಕ್ಯಾರಿಯರ್ ಕಳಿಸಿದರು. ಟೀಚರ್ ಕುಡಿದು, ಉಪ್ಪು ಕಡಿಮೆ ಅಂದರು. ಬಂದು ಹೇಳಿದೆ. ಅತ್ತಿಗೆಗೆ ಕೋಪ ಬಂತು. ಮರುದಿನ ಬೇಕೆಂದೇ ಉಪ್ಪು ಜಾಸ್ತಿ ಹಾಕಿ ಕಳಿಸಿದರು. ಟೀಚರ್ ಪೂರ್ತಿ ಕುಡಿದು ಪಾತ್ರೆ ತೊಳೆದು, "ಈಗ ಸರಿ ಇದೆ ಅಂತ ಹೇಳು ನಿಮ್ಮ ಅತ್ತಿಗೆಗೆ," ಅಂದರು. ಇಬ್ಬರಲ್ಲಿ ಯಾರು ಗೆದ್ದರೆಂದು ನನಗೆ ಇವತ್ತಿಗೂ ತಿಳಿಯದು.

ಜ್ವರ ಬಿಟ್ಟ ಮೇಲೆ ಅಣ್ಣನೇ ಹೋಗಿ ಅವರನ್ನು ಕರೆದುಕೊಂಡು ಬಂದ. ಹೆಸರಿನ ಮಾತು ಯಾರೂ ಎತ್ತಲಿಲ್ಲ. ಇಲ್ಲೇ ಸುಧಾರಿಸಿಕೊಳ್ಳಿ ಅಂದೆವು, ಅವರು ಸುಧಾರಿಸಿಕೊಂಡರು, ಆಮೇಲೂ ಇದ್ದರು. ಟ್ರಂಕು ಬಂತು. ಅಣ್ಣನ ರೇಡಿಯೋ ಗಲಾಟೆ ಎಂದು ಅವರು ಅದರ ಸದ್ದು ಇಳಿಸುವರು, ಅಣ್ಣ ಏರಿಸುವನು. ಹಿಂದಿನ ಕೋಣೆಯಿಂದ ಪುಸ್ತಕಗಳು ಒಂದೊಂದಾಗಿ ಪಡಸಾಲೆಗೆ ಬಂದು, ಹಪ್ಪಳ ಒಣಗಿಸುವಾಗ ಬಟ್ಟೆಯ ನಾಲ್ಕು ಮೂಲೆಗೆ ಭಾರವಾಗಿ ಕೂತವು.

ಆ ಭಾನುವಾರ ಜಗಳ ಹತ್ತಿಕೊಂಡದ್ದು ಎಣ್ಣೆಯ ವಿಷಯಕ್ಕೆ. ಗಂಗಾಳಮ್ಮ ಮಕ್ಕಳಿಗೆ ನೀರು ಹಾಕಿ, ಒರೆಸಿ, ಬೆಚ್ಚಗಿನ ಎಣ್ಣೆ ತೊಟ್ಟನ್ನು ಕಿವಿಗೆ ಬಿಡಹೊರಟಿದ್ದರು. ಟೀಚರ್ ಓದುತ್ತಿದ್ದ ಪುಸ್ತಕ ಮುಚ್ಚಿ ಎದ್ದರು. "ಕಿವಿಗೆ ಎಣ್ಣೆ ಬಿಡಬೇಡಿ ಅಂತ ಎಷ್ಟು ಸಲ ಹೇಳಿದೀನಿ."

"ನಾನು ಈ ಊರಿನ ಅರ್ಧ ಜನಕ್ಕೆ ಬಿಟ್ಟಿದೀನಿ," ಅಂದರು ಗಂಗಾಳಮ್ಮ. "ಎಲ್ರಿಗೂ ಕಿವಿ ಕೇಳುತ್ತೆ."

ಅತ್ತಿಗೆ ಒಲೆಯ ಮುಂದಿನಿಂದಲೇ, "ಬಿಡ್ಲಿ ಬಿಡಕ್ಕ, ನಮ್ಮಮ್ಮ ನನಗೂ ಬಿಟ್ಟಿದ್ರು," ಅಂದರು.

"ನಿಮ್ಮಮ್ಮನ ಮನೇಲಿ ಬಿಟ್ಟಿರಬಹುದು. ನಮ್ಮನೇಲಿ ಬಿಡೋ ಹಾಗಿಲ್ಲ." ಟೀಚರ ದನಿ ಏರಿತ್ತು. "ಡಾಕ್ಟರು ಬೇಡ ಅಂದ ಮೇಲೆ ಬೇಡ. ನಾನು ಇರೋ ತನಕ ಈ ಮಕ್ಕಳ ಕಿವಿಗೆ ಒಂದು ತೊಟ್ಟೂ ಬೀಳಲ್ಲ, ಹೇಳಿದೀನಿ."

"ಹಾಗಿದ್ರೆ ನೀನೇ ನೋಡ್ಕೋ ನಿನ್ನ ಮಕ್ಕಳನ್ನ," ಎಂದು ಅತ್ತಿಗೆ ಸೌಟನ್ನು ಪಾತ್ರೆಗೆ ಟಣ್ಣನೆ ಹಾಕಿದರು.

"ನೋಡ್ಕೋತೀನಿ," ಎಂದು ಟೀಚರ್ ಎಣ್ಣೆಯ ಬಟ್ಟಲನ್ನೇ ಕಿತ್ತುಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡರು.

ಗಂಗಾಳಮ್ಮ ಬಾಯಿ ತೆರೆದುಕೊಂಡು ನನ್ನನ್ನು ನೋಡಿದರು. ನಾನು ಅತ್ತಿಗೆಯನ್ನು ನೋಡಿದೆ. ಟೀಚರ್ ಯಾವತ್ತೂ ಯಾರ ಮನೆಯಲ್ಲೂ ಬಾಗಿಲು ಬಡಿದವರಲ್ಲ. ಅತ್ತಿಗೆ ಅವರನ್ನು ಯಾವತ್ತೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಅಣ್ಣ ಮೆಲ್ಲಗೆ ರೇಡಿಯೋ ಆರಿಸಿದ. ಯಾರಿಗೂ ಏನೂ ಹೇಳದೆ ನಾನು ಮಂಡಿಯೂರಿ, ಒದ್ದೆ ಕೂದಲಿನ ಆ ಮೊದಲ ಮಗುವಿನ ಕಿವಿಗೆ ಬಾಯಿ ಇಟ್ಟೆ. ಶಾಸ್ತ್ರವಿಲ್ಲ, ಹೂವಿಲ್ಲ. ಕುರ್ರ್ ಅಂದೆ. ಆಮೇಲೆ ಹೆಸರು ಹೇಳಿದೆ.

ಔರೇಲಿಯ.

ದನಿ ಬಂತು. ಗಾಳಿಯಲ್ಲ, ದನಿ. ನನ್ನದೇ ಮೈಕಿನ ದನಿ, ಸಣ್ಣದಾಗಿ. ನಿಲ್ಲದೆ ಎರಡನೆಯದರ ಕಡೆ ಹೊರಳಿದೆ. ಅಲ್ಲೂ ಬಂತು. ಔರೇಲಿಯ.

"ಅವರೆಲ್ಲಿಯಾ?" ಅಂದರು ಗಂಗಾಳಮ್ಮ. "ಯಾರು? ಟೀಚರಾ? ಒಳಗೆ ಹೋದ್ರಲ್ಲ ಈಗ."

ಅತ್ತಿಗೆ ಒಲೆ ಬಿಟ್ಟು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹಿಟ್ಟಿನ ಕೈ. ಅವರು ಕರೆಯಲು ಎರಡು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ, ಯಾರನ್ನೋ ನಿದ್ದೆಯಿಂದ ಎಬ್ಬಿಸಲು ಹೆದರುವವರ ಹಾಗೆ, "ಔರೇಲಿಯ," ಅಂದರು.

ಎರಡು ಪುಟ್ಟ ತಲೆಗಳು ಒಟ್ಟಿಗೇ ತಿರುಗಿದವು. ಎರಡು ಜೊತೆ ಕಣ್ಣುಗಳು ಸೂರಿನಿಂದ ಇಳಿದು, ಗೋಡೆ ದಾಟಿ, ಅತ್ತಿಗೆಯ ಮುಖದ ಮೇಲೆ ನಿಂತವು. ಒಂದು ನಕ್ಕಿತು. ಇನ್ನೊಂದು ಅದನ್ನು ನೋಡಿ ನಕ್ಕಿತು. ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಟೀಚರ್ ಹೊರಗೆ ಬಂದು, "ಏನು ಶಾವಂತಿ, ಕರೆದ್ಯಾ?" ಅಂದರು.

ಆಮೇಲೆ ಏನಾಯಿತು ಎಂದು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಅಣ್ಣ ಗುದ್ದಿದ, ಗಂಗಾಳಮ್ಮ ಗುದ್ದಿದರು, ಕೂಗಾಟ ಕೇಳಿ ಓಡಿಬಂದ ಎದುರುಮನೆಯವರೂ ಏನೆಂದು ಕೇಳದೆಯೇ ಗುದ್ದಿದರು. ಟೀಚರ್ ನೆಲದ ಮೇಲೆ ಕೂತು ಎರಡೂ ಮಕ್ಕಳನ್ನು ಎತ್ತಿಕೊಂಡಿದ್ದರು. ಅವರ ಕನ್ನಡಕ ಮಂಜಾಗಿತ್ತು, ಅದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅತ್ತಿಗೆ ತಮ್ಮ ಸೆರಗಿನಿಂದ ಒರೆಸಿದರು. ಸೆರಗಿನ ಹಿಟ್ಟು ಗಾಜಿಗೆಲ್ಲ ಅಂಟಿತು.

"ಕಾಣಿಸ್ತಿಲ್ಲ ಕಣೇ," ಅಂದರು ಟೀಚರ್.

"ಆಮೇಲೆ ನೋಡು, ಇಲ್ಲೇ ಇರ್ತಾವೆ," ಅಂದರು ಅತ್ತಿಗೆ.

ತೊಟ್ಟಿಲು ಶಾಸ್ತ್ರವನ್ನು ಆಮೇಲೆ ದೊಡ್ಡದಾಗಿಯೇ ಮಾಡಿದೆವು. ನಾನು ಮೂರು ಬೀದಿ ಹೆಚ್ಚಾಗಿಯೇ ಸಾರಿದೆ. ಊರಿಗೆ ಒಂದೇ ಹೆಸರಿನ ಮೂವರನ್ನು ನೋಡುವ ಕುತೂಹಲ. ಸಾಲಾಗಿ ಬಂದು, ಒಬ್ಬೊಬ್ಬರೂ ಒಂದೊಂದು ಸಲ ಕರೆದು, ಮೂವರೂ ತಿರುಗುವುದನ್ನು ಕಂಡು ಸಂತೋಷಪಟ್ಟು, ಹೋಳಿಗೆ ತಿಂದು ಹೋದರು. ಟೀಚರ್ ಪ್ರತಿ ಸಲವೂ ತಿರುಗಿದರು. ಸಾಕಾಗಲಿಲ್ಲವೇ ಎಂದು ಕೇಳಿದೆ. "ಇಷ್ಟು ವರ್ಷದ ಬಾಕಿ ಇದೆ," ಅಂದರು.

ದಿನನಿತ್ಯದಲ್ಲಿ ಸ್ವಲ್ಪ ಪಾಡುಪಡಬೇಕಾಯಿತು. ಊಟಕ್ಕೆ ಒಬ್ಬಳನ್ನು ಕರೆದರೆ ಮೂರು ತಟ್ಟೆ ಇಡಬೇಕು. ಬೈಯುವಾಗ ದೊಡ್ಡವಳು, ನಡುವಿನವಳು, ಪುಟ್ಟವಳು ಎಂದು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಟೀಚರ್ ತಮಗೇ ಬೈದದ್ದೆಂದು ಮುಖ ಊದಿಸಿಕೊಳ್ಳುತ್ತಾರೆ. ಎದುರುಮನೆಯ ಚಂದ್ರಭಾಗಿಗೆ ಅಳು, ತನ್ನ ಹೆಸರು ತನಗೊಬ್ಬಳಿಗೇ ಎಂದು.

ಈ ವರ್ಷ ಅವಳಿಗಳನ್ನು ಶಾಲೆಗೆ ಸೇರಿಸಿದೆವು. ನಾನೇ ಆಟೋದಲ್ಲಿ ಬಿಟ್ಟು ಬಂದೆ. ಒಂದನೇ ತರಗತಿಯ ಮಾಸ್ತರರು ರಜೆಯಲ್ಲಿದ್ದರಂತೆ, ಹಾಜರಿ ಕರೆಯಲು ಟೀಚರೇ, ಅಂದರೆ ಹುಡುಗಿಯರ ದೊಡ್ಡಮ್ಮನೇ, ಬಂದರಂತೆ. ಮಧ್ಯಾಹ್ನ ಊಟದ ಮುಂದೆ ಹುಡುಗಿಯರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕಥೆ ಹೇಳಿದರು. ದೊಡ್ಡಮ್ಮ ಒಂದೊಂದೇ ಹೆಸರು ಕೂಗಿದರು, ಮಕ್ಕಳು ಹಾಜರ್ ಅಂದರು. ಔರೇಲಿಯ ಅಂದಾಗ ಇಬ್ಬರೂ ಎದ್ದು ನಿಂತು ಹಾಜರ್ ಅಂದರು. ದೊಡ್ಡಮ್ಮ ಮುಂದಿನ ಹೆಸರಿಗೆ ಹೋಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಕುರ್ಚಿಯಿಂದ ಎದ್ದು, ಇಡೀ ತರಗತಿಗೆ ಕೇಳುವ ಹಾಗೆ ತಾವೂ ಹಾಜರ್ ಅಂದರು.